ತೆರಪಿನ ಓದು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳನ್ನು ಎಳವೆಯಲ್ಲಿಯೇ ತಿದ್ದಬೇಕು ಎಂಬ ಹಿರಿಯರ ಅನುಭವ ಅದರಲ್ಲಿ ಅಡಗಿದೆ. ಆ ಮಟ್ಟಿಗೆ ಗಾದೆ ಸುಳ್ಳಲ್ಲ. ಆದರೆ ಎಷ್ಟೇ ಒಳ್ಳೆಯ ಮಾತಾಗಲಿ, ಸಲ್ಲದ ಕಡೆಯಲ್ಲಿ ಆಡಿದರೆ ಅದರಿಂದ ಕೇಡೇ ಹೆಚ್ಚು. ಸಂಸಾರವಂದಿಗನೊಬ್ಬನು ಮೂವತ್ತೈದರ ವಯಸ್ಸಿನಲ್ಲಿ ಪದವಿ ಪರೀಕ್ಷೆಗೆ ಕಟ್ಟಿದನೆಂದಾಗ, ಎರಡು ಮಕ್ಕಳ ತಾಯಿಯೊಬ್ಬಳು ಪುಸ್ತಕ ತೆರೆದು ಕುಳಿತಳೆಂದಾಗ, ಈ ಗಾದೆಯನ್ನು ನೆನಪಿಸುವವರು ಊರೂರಿನಲ್ಲಿಯೂ ಇದ್ದಾರೆ. ಅದನ್ನು ಕೇಳಿ ತೆರೆದ ಪುಸ್ತಕವನ್ನು ಮುಚ್ಚಿಟ್ಟವರೂ ಕಡಿಮೆಯಿಲ್ಲ.

ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲಿರುವ ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಜೇಡಿಮಣ್ಣಿನಿಂದ ಮಡಕೆಗಳೂ ಹಂಚುಗಳೂ ತಯಾರಾಗಿ ದೂರದ ಊರುಗಳಿಗೆ ಹೋಗಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯೊಂದು ಈ ಊರಿನಲ್ಲಿದೆ. ತಂದೆ ತಾತಂದಿರಿಂದ ಕಸಬನ್ನು ಕಲಿತು, ಅದರಲ್ಲಿಯೇ ಬದುಕನ್ನು ಸವೆಸುತ್ತಿರುವವರು ಇಂಥಲ್ಲಿಗೆ ಬಂದು ಸುಧಾರಿಸಿದ ತಿಗರಿಯನ್ನೂ ಹೊಸ ಬಗೆಯ ಆವಿಗೆಯನ್ನೂ ಪರಿಚಯ ಮಾಡಿಕೊಳ್ಳುತ್ತಾರೆ. ಹಸಿಯ ಮಣ್ಣನ್ನು ಬೇಕಾದ ಹಾಗೆ ತಿದ್ದಬಹುದು, ಆವಿಗೆಯಲ್ಲಿ ಬೆಂದ ಮೇಲೆ ತಿದ್ದಲಾಗದು ಎಂಬುದನ್ನು ಕುಂಬಾರನಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಅವನು ಕಲಿಯಲು ಬರುತ್ತಾನೆ. ಏಕೆಂದರೆ ಬೆಂದು ಗಟ್ಟಿಯಾದದ್ದು ಮಡಕೆಯೇ ಹೊರತು ತಾನಲ್ಲ ಎಂಬುದು ಅವನಿಗೆ ಗೊತ್ತು. ಮನುಷ್ಯನು ಮರವೂ ಅಲ್ಲ, ಮಡಕೆಯೂ ಅಲ್ಲ. ಬದುಕಿರುವ ತನಕ ಅವನು ಕಲಿಯಬಲ್ಲ.

ಹಾಗಾದರೆ ದುಡಿಯುವವರ ಓದಿಗೆ ಅಡ್ಡಿಯಾಗಿರುವುದು ಯಾವುದು? ಬುದ್ಧಿಯ ಕೊರತೆಯಲ್ಲ, ವಯಸ್ಸೂ ಅಲ್ಲ, ಹೊತ್ತಿನ ಕೊರತೆ. ಕನ್ನಡದಲ್ಲಿ ‘ತೆರಪು’ ಎಂಬ ಒಂದು ಹಳೆಯ ಮಾತಿದೆ. ತೆರೆದ ಜಾಗ, ಎರಡು ವಸ್ತುಗಳ ನಡುವಣ ಎಡೆ, ಬಿಡುವು, ಅವಕಾಶ ಎಂಬ ಅರ್ಥಗಳೆಲ್ಲ ಆ ಒಂದು ಮಾತಿನಲ್ಲಿ ಅಡಗಿವೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕಾಲೇಜಿಗೆ ಬರಲಾರದವರಿಗಾಗಿ ಅಂಚೆಯ ಮೂಲಕ ಪಾಠ ಕಲಿಸುವ ಏರ್ಪಾಟನ್ನು ಆರಂಭಿಸಿತು. ಆ ಸಂಸ್ಥೆ ‘ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೆಸರಿಟ್ಟವರು ಯಾರೇ ಆಗಿರಲಿ, ವಿಷಯದ ತಿರುಳನ್ನು ಹಿಡಿದು ಇಟ್ಟ ಹೆಸರದು. ದುಡಿಮೆ ಮತ್ತು ನಿದ್ದೆಗಳ ನಡುವೆ, ಹೊಲ ಮತ್ತು ಒಲೆಗಳ ನಡುವೆ, ಒಂದು ಪಾಳಿ ಮತ್ತು ಇನ್ನೊಂದು ಪಾಳಿಯ ನಡುವೆ ಉಳಿಯುವ ಚಿಕ್ಕ ಎಡೆಯಲ್ಲಿ ನಡೆಯುವ ಓದು ಅದು. ಈ ತೆರಪು ತಾನಾಗಿ ಸಿಕ್ಕುವಂಥದಲ್ಲ. ಅದನ್ನು ಯಾರಾದರೂ ಮಾಡಿಕೊಡಬೇಕು, ಇಲ್ಲವೆ ತಾನೇ ಮಾಡಿಕೊಳ್ಳಬೇಕು.

ವಿಶ್ವವಿದ್ಯಾನಿಲಯಗಳು ಮೊದಲಿನಿಂದಲೂ ಇದಕ್ಕೆ ಸಿದ್ಧವಾಗಿದ್ದವು ಎಂದೇನೂ ಇಲ್ಲ. ವಿದ್ಯಾರ್ಥಿ ತನ್ನ ಊರನ್ನೂ ಕೆಲಸವನ್ನೂ ಬಿಟ್ಟು ಗುರುವಿನ ಬಳಿಗೆ ಬರಬೇಕು ಎಂಬುದೇ ಎಲ್ಲೆಡೆಯ ಪದ್ಧತಿಯಾಗಿತ್ತು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಕಾಲೇಜಿನಲ್ಲಿ ಓದದವರೂ ತನ್ನ ಪದವಿ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಬಾಗಿಲು ತೆರೆಯಿತು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ತನ್ನ ಉಪನ್ಯಾಸಕರನ್ನು ಬೇರೆ ಬೇರೆ ಪಟ್ಟಣಗಳಿಗೆ ಕಳುಹಿಸಿ, ದುಡಿಯುವವರಿಗೂ ಹೆಂಗಸರಿಗೂ ಪಾಠ ಹೇಳಿಸತೊಡಗಿತು. ಭಾರತದಲ್ಲಿ 1962ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯವು ಅಂಚೆಯ ಪಾಠಗಳನ್ನು ಆರಂಭಿಸಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದ್ದು 1969ರಲ್ಲಿ. ಭಾರತದ ಮೊದಲ ಮುಕ್ತ ವಿಶ್ವವಿದ್ಯಾನಿಲಯವು 1982ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರೆ, ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 1985ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹೀಗೆ ಸುಮಾರು ಒಂದೂವರೆ ಶತಮಾನದಲ್ಲಿ, ವಿದ್ಯಾರ್ಥಿಯು ವಿದ್ಯೆಯ ಬಳಿಗೆ ಹೋಗುವುದರ ಜೊತೆಗೆ ವಿದ್ಯೆಯೂ ವಿದ್ಯಾರ್ಥಿಯ ಬಳಿಗೆ ಹೋಗುವ ದಾರಿಯೊಂದು ನಿರ್ಮಾಣವಾಯಿತು.

ಬೆಳಗಾವಿಯ ಭಾಗಕ್ಕೆ ಈ ದಾರಿಯ ಬೆಲೆ ಎಷ್ಟೆಂಬುದನ್ನು ತಿಳಿಯಬೇಕಾದರೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಲೇಜು ಓದಬೇಕೆನ್ನುವವರು ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಾಗುತ್ತಿತ್ತು. ದುಡಿದು ತಿನ್ನುವವರ ಮನೆಯಲ್ಲಿ ಅದು ಕನಸಿನ ಮಾತು. 1916ರ ನವೆಂಬರ್ 13ರಂದು ಏಳು ಮಂದಿ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆಯನ್ನು, ಆರಂಭಿಸಿದರು. ಅದರ ಲಿಂಗರಾಜ ಕಾಲೇಜು 1933ರಲ್ಲಿ ಹುಟ್ಟಿತು. 1939ರಲ್ಲಿ ಕರ್ನಾಟಕ ಕಾನೂನು ಸಂಸ್ಥೆಯವರು ರಾಜಾ ಲಖಮಗೌಡ ಕಾನೂನು ಕಾಲೇಜನ್ನು ತೆರೆದರು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾನಿಲಯವು ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು. ದೂರದ ವಿದ್ಯೆ ಹೀಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದಿತು.

ಧಾರವಾಡದ ಆ ವಿಶ್ವವಿದ್ಯಾನಿಲಯವು ತರಗತಿಯ ಹೊರಗಿನವರನ್ನೂ ಮರೆಯಲಿಲ್ಲ. ಅದರ ಪ್ರಸಾರಾಂಗವು ಊರುಗಳಲ್ಲಿ ಉಪನ್ಯಾಸಗಳನ್ನು ಏರ್ಪಡಿಸಿ, ವಿದ್ವಾಂಸರ ಮಾತುಗಳನ್ನು ಚಿಕ್ಕ ಚಿಕ್ಕ ಪುಸ್ತಕಗಳನ್ನಾಗಿ ಅಗ್ಗದ ಬೆಲೆಗೆ ಪ್ರಕಟಿಸಿತು. ಕವಿ ಚೆನ್ನವೀರ ಕಣವಿಯವರು ದೀರ್ಘಕಾಲ ಈ ಪ್ರಸಾರಾಂಗದ ನಿರ್ದೇಶಕರಾಗಿದ್ದರು. ಖಗೋಳವೋ ಕೃಷಿಯೋ ಇತಿಹಾಸವೋ, ಕಿಸೆಯಲ್ಲಿ ಹಿಡಿಯುವ ಒಂದು ಪುಸ್ತಕದಲ್ಲಿ ದೊರೆತರೆ ರೈತನೂ ಅಂಗಡಿಯವನೂ ಓದಬಲ್ಲರು ಎಂಬ ನಂಬಿಕೆ ಆ ಕೆಲಸದ ಹಿಂದಿತ್ತು. ಅದಕ್ಕೆ ಪರೀಕ್ಷೆಯಿಲ್ಲ, ಪದವಿಯಿಲ್ಲ. ಆದರೂ ಅದು ವಿಶ್ವವಿದ್ಯಾನಿಲಯದ ಪಾಠವೇ.

ನೌಕರಿ ಮತ್ತು ಸಂಸಾರಗಳ ಹೊರೆ ಹೊತ್ತು ಓದು ಮುಂದುವರಿಸಿದವರ ಸಾಲಿನಲ್ಲಿ ಕನ್ನಡದ ಬಹು ದೊಡ್ಡ ಹೆಸರೊಂದಿದೆ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿ ಶಾಲಾ ಶಿಕ್ಷಕರಾದರು. ‘ನರಬಲಿ’ ಎಂಬ ಕವನಕ್ಕಾಗಿ ಅವರು ಸರಕಾರದ ಕೋಪಕ್ಕೆ ಗುರಿಯಾಗಿ, ಬೆಳಗಾವಿಯ ಹತ್ತಿರದ ಹಿಂಡಲಗಿಯ ಸೆರೆಮನೆಯನ್ನು ಕಂಡರು. ಇಷ್ಟೆಲ್ಲ ಆದ ಮೇಲೆ 1935ರಲ್ಲಿ ಅವರು ಎಂ.ಎ. ಪದವಿ ಪಡೆದರು. ಆಗ ಅವರ ವಯಸ್ಸು ಮೂವತ್ತೊಂಬತ್ತು. ‘ಗರಿ’ ಕವನಸಂಕಲನ ಅಷ್ಟರಲ್ಲಿಯೇ ಪ್ರಕಟವಾಗಿ ನಾಡಿನ ಗಮನವನ್ನು ಸೆಳೆದಿತ್ತು. ಕವಿಯೆಂದು ಹೆಸರಾದವರಿಗೆ ಪದವಿ ಏತಕ್ಕೆ ಎಂದು ಅವರು ಕುಳಿತುಕೊಳ್ಳಲಿಲ್ಲ. ಮುಂದೆ 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಅವರು ಕನ್ನಡದ ಪ್ರಾಧ್ಯಾಪಕರಾಗಿರಲು ಆ ಓದು ನೆರವಾಯಿತು. ಮನೆಮಾತು ಮರಾಠಿಯಾಗಿದ್ದ ಅವರು ಕನ್ನಡದ ವರಕವಿಯಾದರೆಂಬುದನ್ನು ಗಡಿಯ ಊರುಗಳವರು ವಿಶೇಷವಾಗಿ ನೆನೆಯಬೇಕು.

ಇಂದು ಖಾನಾಪುರದಿಂದ ಬೆಳಗಾವಿಗೆ ಬರುವ ರಸ್ತೆಯೇ ಒಂದು ಪಾಠವಾಗಿದೆ. ದಾರಿಯಲ್ಲಿ ಮಚ್ಛೆ ಸಿಗುತ್ತದೆ. 1998ರಲ್ಲಿ ಸ್ಥಾಪನೆಯಾಗಿ ರಾಜ್ಯದ ಅನೇಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಸಂಯೋಜನೆ ನೀಡಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಆವರಣ ಅಲ್ಲಿದೆ. ಮುಂದೆ ಪೀರನವಾಡಿ, ಅದನ್ನು ದಾಟಿದರೆ ಉದ್ಯಮಬಾಗ. ಅಲ್ಲಿ ಫೌಂಡ್ರಿಗಳೂ ಯಂತ್ರದ ಬಿಡಿಭಾಗಗಳ ಕಾರ್ಖಾನೆಗಳೂ ಸಾಲಾಗಿವೆ. ಅವುಗಳ ಮಗ್ಗುಲಿನಲ್ಲಿಯೇ 1979ರಲ್ಲಿ ಆರಂಭವಾದ ಗೋಗಟೆ ಎಂಜಿನಿಯರಿಂಗ್ ಕಾಲೇಜಿದೆ. ನಗರದ ಆಚೆಯ ಭೂತರಾಮನಹಟ್ಟಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರವು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯವಾಯಿತು. ಒಂದು ಕಾಲಕ್ಕೆ ಪುಣೆಗೆ ಹೋಗಿ ಪಡೆಯಬೇಕಾಗಿದ್ದ ವಿದ್ಯೆ ಈಗ ಬಸ್ಸಿನ ಹಾದಿಯಲ್ಲಿದೆ. ಆದರೂ ಆ ಹಾದಿಯಲ್ಲಿ ದಿನವೂ ಓಡಾಡುವ ಎಲ್ಲರಿಗೂ ಅದು ಕೈಗೆಟುಕಿದೆಯೇ? ಕಾಲೇಜಿನ ಗಂಟೆ ಬಾರಿಸುವ ಹೊತ್ತಿಗೇ ಕಾರ್ಖಾನೆಯ ಗಂಟೆಯೂ ಬಾರಿಸುತ್ತದೆ. ಎರಡರ ನಡುವಣ ದೂರ ಕೆಲವೇ ಹೆಜ್ಜೆಗಳಾದರೂ, ಆ ಹೆಜ್ಜೆಗಳನ್ನು ಇಡಲು ದುಡಿಯುವವನಿಗೆ ತೆರಪಿಲ್ಲ.

ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಉದ್ಯಮಬಾಗದ ಫೌಂಡ್ರಿಗೆ ಬರುವ ಒಬ್ಬ ಕಾರ್ಮಿಕನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅವನಿಗೆ ಹೆಸರು ಬೇಕಾಗಿಲ್ಲ, ಅಂಥವರು ಒಬ್ಬಿಬ್ಬರಲ್ಲ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ತಂದೆ ತೀರಿಹೋದರು. ತಂಗಿಯ ಮದುವೆಯಾಗಬೇಕಾಗಿತ್ತು. ಓದು ನಿಂತಿತು. ಹದಿನೈದು ವರ್ಷಗಳ ಮೇಲೆ, ತನಗೇ ಎರಡು ಮಕ್ಕಳಾದ ಬಳಿಕ, ಅವನು ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ತರಗತಿಗೆ ಹೆಸರು ಹಚ್ಚುತ್ತಾನೆ. ಮನೆಯಲ್ಲಿ ಮರಾಠಿ, ಫೌಂಡ್ರಿಯಲ್ಲಿ ಹಿಂದಿ, ಪುಸ್ತಕದಲ್ಲಿ ಕನ್ನಡ. ಪಾಠದ ಪುಸ್ತಕಗಳು ಬರುತ್ತವೆ. ಅವುಗಳನ್ನು ತಾನೇ ಓದಿಕೊಳ್ಳಬೇಕು. ಕೊಟ್ಟ ಪ್ರಶ್ನೆಗಳಿಗೆ ಉತ್ತರ ಬರೆದು ಒಪ್ಪಿಸಬೇಕು. ಸಂಪರ್ಕ ತರಗತಿಗಳು ನಡೆಯುವಾಗ ಹೋಗಿ ಅಧ್ಯಾಪಕರಲ್ಲಿ ಸಂದೇಹಗಳನ್ನು ಕೇಳಬೇಕು. ಕೊನೆಗೆ ಎಲ್ಲರಂತೆಯೇ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಎದುರಿಗೆ ನಿಂತು ಗದರಿಸುವ ಗುರುಗಳಿಲ್ಲ, ಪಕ್ಕದಲ್ಲಿ ಗೆಳೆಯರಿಲ್ಲ. ತನಗೆ ತಾನೇ ಗುರು, ತಾನೇ ಶಿಷ್ಯ.

ಅವನ ದಿನದ ಲೆಕ್ಕವನ್ನು ಹಾಕಿ ನೋಡಬೇಕು. ಪಾಳಿಗೆ ಎಂಟು ಗಂಟೆ. ಹೋಗಿ ಬರಲು, ಕಾಯಲು ಮೂರು ಗಂಟೆ. ನಿದ್ದೆಗೆ ಏಳು ಗಂಟೆ. ಉಳಿದ ಆರು ಗಂಟೆಗಳಲ್ಲಿ ಸ್ನಾನ, ಊಟ, ದನಕರು, ತುಂಡು ಹೊಲ, ಮಕ್ಕಳು, ಊರಿನ ಮದುವೆ ಮುಂಜಿ, ಜ್ವರ ಜಡ್ಡು. ಇಷ್ಟರ ನಡುವೆ ದಿನಕ್ಕೆ ಒಂದು ಗಂಟೆಯನ್ನು ಅವನು ಬಿಡಿಸಿಕೊಂಡನೆನ್ನೋಣ. ವರ್ಷದಲ್ಲಿ ಮುನ್ನೂರು ದಿನ ತಪ್ಪದೆ ಓದಿದರೆ ಮುನ್ನೂರು ಗಂಟೆಗಳಾದವು. ಆರು ವಿಷಯಗಳಿದ್ದರೆ ಒಂದೊಂದಕ್ಕೆ ಐವತ್ತು ಗಂಟೆ. ಐವತ್ತು ಗಂಟೆಗಳಲ್ಲಿ ಮನಸ್ಸಿಟ್ಟು ಓದಿದರೆ ಒಂದು ವಿಷಯ ಕೈಗೆ ಬರುತ್ತದೆ. ಆದರೆ ಒಂದು ದಿನ ತಪ್ಪಿದರೆ ಅದು ಹೋದಂತೆಯೇ. ಮರುದಿನ ಎರಡು ಗಂಟೆ ಎಲ್ಲಿಂದ ಬರಬೇಕು? ದುಡಿಯುವವನ ಓದು ಸಾಲಗಾರನ ಕಂತಿನ ಹಾಗೆ. ಬಿಡದೆ ತೀರಿಸಿದವನು ಮಾತ್ರ ಗೆಲ್ಲುತ್ತಾನೆ.

ಇಂಥ ಒಬ್ಬನು ಬಸ್ಸಿನಲ್ಲಿ ಪುಸ್ತಕ ತೆರೆದರೆ ಪಕ್ಕದ ಸೀಟಿನ ಹಿರಿಯರು ಸುಮ್ಮನಿರುತ್ತಾರೆಯೇ? “ಏನ ತಮ್ಮಾ, ಇನ್ನೂ ಸಾಲಿ ಬಿಟ್ಟಿಲ್ಲೇನು?” ಎಂದು ನಗುತ್ತಾರೆ. “ಸಾಲಿ ನನ್ನ ಬಿಟ್ಟಿತ್ತು ಕಾಕಾ, ನಾ ಅದನ್ನ ಬಿಟ್ಟಿದ್ದಿಲ್ಲ” ಎಂದು ಅವನು ಉತ್ತರ ಕೊಡಬಹುದು. ಆ ಮಾತಿನಲ್ಲಿ ಹಾಸ್ಯವಿದ್ದರೂ ಅದರ ಹಿಂದಿನ ಸತ್ಯ ನಗುವಂಥದಲ್ಲ. ಶಾಲೆಯನ್ನು ಸೋಮಾರಿತನದಿಂದ ಬಿಟ್ಟವರು ಕೆಲವರಿದ್ದಾರು. ಆದರೆ ಬಡತನ, ಸಾವು, ಬೇನೆ, ಮದುವೆಗಳು ಶಾಲೆಯಿಂದ ಬಿಡಿಸಿದವರ ಸಂಖ್ಯೆ ದೊಡ್ಡದು. ಅವರಿಗೆ ಎರಡನೆಯ ಬಾಗಿಲೊಂದು ಬೇಕು. ಅದು ದಾನವಲ್ಲ, ಅವರಿಗೆ ಸಲ್ಲಬೇಕಾಗಿದ್ದ ಬಾಕಿ.

ಹೆಂಗಸಿನ ತೆರಪು ಇನ್ನೂ ಕಿರಿದು. ಗಂಡಸಿಗೆ ಪಾಳಿ ಮುಗಿಯುವ ಹೊತ್ತೊಂದಿದೆ; ಮನೆಯ ಕೆಲಸಕ್ಕೆ ಅಂಥ ಹೊತ್ತಿಲ್ಲ. ತಾಲ್ಲೂಕಿನ ಬೀಡಿಯ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿಯ ಕೆಲಸ ಮಾಡುವ ತಾಯಿಯೊಬ್ಬಳು ಪದವಿಗೆ ಓದಬೇಕೆಂದರೆ, ನಸುಕಿನಲ್ಲಿ ಎಲ್ಲರೂ ಏಳುವ ಮೊದಲು ಇಲ್ಲವೆ ಇರುಳು ಎಲ್ಲರೂ ಮಲಗಿದ ಮೇಲೆ ಓದಬೇಕು. ಅವಳ ಓದು ಸಾಗುವುದೂ ನಿಲ್ಲುವುದೂ ಮನೆಯವರ ಮೇಲೆ ನಿಂತಿದೆ. ಪರೀಕ್ಷೆಯ ಹಿಂದಿನ ದಿನ ಅತ್ತೆಯಾದವಳು ಒಲೆಯ ಮುಂದೆ ಕುಳಿತು, “ಇವತ್ತಿನ ರೊಟ್ಟಿ ನಾ ಬಡೀತೇನಿ, ನೀ ಓದ್ಕೋವಾ” ಎಂದರೆ ಆ ಒಂದು ಮಾತು ಒಂದು ವಿದ್ಯಾರ್ಥಿವೇತನಕ್ಕೆ ಸಮ. ಪದವಿಯ ಪ್ರಮಾಣಪತ್ರದಲ್ಲಿ ಸೊಸೆಯ ಹೆಸರು ಮಾತ್ರ ಇರುತ್ತದೆ. ಅದನ್ನು ಗಳಿಸಿದವರು ಇಬ್ಬರು.

ಇಷ್ಟು ಕಷ್ಟದಿಂದ ಗಳಿಸಿದ ಪದವಿಗೆ ಲೋಕದಲ್ಲಿ ಬೆಲೆಯುಂಟೇ ಎಂಬ ಪ್ರಶ್ನೆ ಸಹಜವಾದುದು. ಇದನ್ನು ಮುಚ್ಚಿಡದೆ ವಿಚಾರಿಸಬೇಕು. ಬಹುಕಾಲ ‘ಅಂಚೆಯ ಪದವಿ’ ಎಂಬ ಮಾತಿನಲ್ಲಿ ಒಂದು ತಾತ್ಸಾರವಿತ್ತು. ಅದರ ಮೇಲೆ ಕರ್ನಾಟಕದಲ್ಲಿ ಒಂದು ದೊಡ್ಡ ಆಘಾತವೂ ಬಂದಿತು. ರಾಜ್ಯದ ಗಡಿಯಾಚೆ ಕೇಂದ್ರಗಳನ್ನು ನಡೆಸಿದ್ದೇ ಮೊದಲಾದ ಕಾರಣಗಳಿಂದ ಮುಕ್ತ ವಿಶ್ವವಿದ್ಯಾನಿಲಯವು 2012-13ರ ನಂತರದ ವರ್ಷಗಳ ಮಾನ್ಯತೆಯನ್ನು ಕಳೆದುಕೊಂಡಿತು. 2015ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಇದನ್ನು ಬಹಿರಂಗವಾಗಿ ಪ್ರಕಟಿಸಿದಾಗ, ಶುಲ್ಕ ಕಟ್ಟಿ, ನಿದ್ದೆಗೆಟ್ಟು ಓದಿದ್ದ ಸಾವಿರಾರು ಮಂದಿ ದಿಕ್ಕುಗಾಣದೆ ನಿಂತರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ಆದರೆ ನಡುವೆ ಕಳೆದ ವರ್ಷಗಳು ಮರಳಲಿಲ್ಲ. ಕಾಲೇಜಿನ ತರುಣನು ಒಂದು ವರ್ಷ ಕಳೆದುಕೊಂಡರೆ ಇನ್ನೊಂದು ವರ್ಷವನ್ನು ಹೊಂದಿಸಿಕೊಂಡಾನು. ದಿನಕ್ಕೊಂದು ಗಂಟೆಯಂತೆ ಕೂಡಿಟ್ಟವನು ಎಲ್ಲಿಂದ ತಂದಾನು? ಆಡಳಿತದಲ್ಲಿ ಆಗುವ ಸಣ್ಣ ಉದಾಸೀನವೂ ಬಡವನ ತೆರಪನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ವಿದ್ಯೆಯ ಹೊಣೆ ಹೊತ್ತವರು ಮರೆಯಬಾರದು.

ವಿದ್ಯಾರ್ಥಿಯೂ ಎಚ್ಚರದಿಂದಿರಬೇಕು. ಎಲ್ಲ ವಿದ್ಯೆಯನ್ನೂ ಮನೆಯಲ್ಲಿ ಕುಳಿತು ಕಲಿಯಲಾಗದು. ವೈದ್ಯವಿದ್ಯೆಗೆ ಆಸ್ಪತ್ರೆ ಬೇಕು, ಎಂಜಿನಿಯರಿಂಗಿಗೆ ಕಮ್ಮಟ ಬೇಕು. ಕಾನೂನನ್ನು ಕಾಲೇಜಿಗೆ ಹೋಗಿಯೇ ಕಲಿಯಬೇಕೆಂಬ ನಿಯಮವಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅನುಮತಿ ಪಡೆಯದೆ ದೂರಶಿಕ್ಷಣದ ಮೂಲಕ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಕಟುವಾದ ತೀರ್ಪನ್ನೇ ನೀಡಿತು. ಆದುದರಿಂದ ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಮಾನ್ಯತೆ ಇದೆಯೇ, ಆ ಪಠ್ಯಕ್ರಮಕ್ಕೆ ಅನುಮತಿ ಇದೆಯೇ, ಯಾವ ವರ್ಷದವರೆಗೆ ಇದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಕೊಳ್ಳುವ ಎತ್ತಿನ ಹಲ್ಲನ್ನು ಎಣಿಸಿ ನೋಡುವ ರೈತನು ತನ್ನ ಮಗನ ಪದವಿಯ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಜಾಣತನವಲ್ಲ.

ಸಮಾಧಾನದ ಸಂಗತಿಗಳೂ ಇವೆ. ಮಾನ್ಯತೆ ಪಡೆದ ಸಂಸ್ಥೆಗಳಿಂದ ದೂರಶಿಕ್ಷಣದ ಮೂಲಕ ಪಡೆದ ಪದವಿಗಳು ತರಗತಿಗೆ ಹೋಗಿ ಪಡೆದ ಪದವಿಗಳಿಗೆ ಸಮಾನವೆಂದು ಅನುದಾನ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಡಿಪ್ಲೊಮಾ ಮುಗಿಸಿ ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರು ಅನುಕೂಲವಾದ ಹೊತ್ತಿನಲ್ಲಿ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಪದವಿಗೆ ಓದುವ ವ್ಯವಸ್ಥೆಗೆ ತಾಂತ್ರಿಕ ಶಿಕ್ಷಣ ಪರಿಷತ್ತು 2023-24ನೆಯ ಸಾಲಿನಿಂದ ಅವಕಾಶ ಮಾಡಿಕೊಟ್ಟಿತು. ಉದ್ಯಮಬಾಗದಂಥ ಕಡೆಯಲ್ಲಿ ಕಾರ್ಖಾನೆಗೂ ಕಾಲೇಜಿಗೂ ಇರುವ ಆ ಕೆಲವು ಹೆಜ್ಜೆಗಳ ದೂರವನ್ನು ದಾಟಿಸಬಲ್ಲ ಸೇತುವೆಯಿದು.

ಪದವಿಯ ಬೆಲೆಯನ್ನು ನಿರ್ಧರಿಸುವುದು ಆಯೋಗದ ಆಜ್ಞೆಯೊಂದೇ ಅಲ್ಲ. ಓದಿದ ರೀತಿಯೂ ಹೌದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಮಾತಿದೆ. ವರ್ಷವಿಡೀ ಪುಸ್ತಕ ಮುಟ್ಟದೆ, ಪರೀಕ್ಷೆಯ ಹಿಂದಿನ ವಾರ ಗೈಡುಗಳನ್ನು ಉರು ಹೊಡೆದು ಗಳಿಸಿದ ಪದವಿಯು ಮೊದಲ ಪೆಟ್ಟಿಗೇ ಒಡೆಯುತ್ತದೆ. ಆದರೆ ಮನಸ್ಸಿಟ್ಟು ಓದಿದ ದುಡಿಮೆಗಾರನಲ್ಲಿ ಎಳೆಯ ವಿದ್ಯಾರ್ಥಿಗೆ ಇಲ್ಲದ ಒಂದು ಬಲವಿರುತ್ತದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೆಲೆಯೇರಿಕೆಯ ಪಾಠ ಬಂದಾಗ ತರುಣನು ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾನೆ. ಸಂಸಾರಿಯು ತನ್ನ ಪಗಾರವನ್ನೂ ಸಂತೆಯ ಚೀಲವನ್ನೂ ನೆನೆಯುತ್ತಾನೆ. ಇತಿಹಾಸದಲ್ಲಿ ಕಿತ್ತೂರಿನ ಪ್ರಸಂಗ ಬಂದಾಗ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವು ಖಾನಾಪುರದವನಿಗೆ ಪರೀಕ್ಷೆಯ ಉತ್ತರವಾಗಿ ಕಾಣುವುದಿಲ್ಲ. ತಾನು ಸಂತೆಗೆ ಹೋಗುವ ಊರಾಗಿ ಕಾಣುತ್ತದೆ. ಬದುಕಿನಲ್ಲಿ ಕಂಡದ್ದಕ್ಕೆ ಪುಸ್ತಕವು ಹೆಸರು ಕೊಡುತ್ತದೆ. ಪುಸ್ತಕದಲ್ಲಿ ಓದಿದ್ದಕ್ಕೆ ಬದುಕು ಸಾಕ್ಷಿ ಹೇಳುತ್ತದೆ.

ಇನ್ನು ಆಗಬೇಕಾದ ಕೆಲಸವೂ ಬಹಳವಿದೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಭಾಗ ಸಹ್ಯಾದ್ರಿಯ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲವೆಂದರೆ ಬಿಡದೆ ಸುರಿಯುವ ಮಳೆ. ಭೀಮಗಡದ ಕಾಡಿನೊಳಗಿನ ಹಳ್ಳಿಗಳಿಗೆ ಹಳ್ಳಗಳು ತುಂಬಿದಾಗ ದಾರಿಯೇ ಇರುವುದಿಲ್ಲ. ಅಂಚೆಯ ಪಾಠದ ಜಾಗಕ್ಕೆ ಈಗ ಮೊಬೈಲಿನ ಪಾಠ ಬಂದಿದೆ. 2017ರಿಂದ ಕೇಂದ್ರ ಸರಕಾರದ ‘ಸ್ವಯಂ’ ವ್ಯವಸ್ಥೆಯಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರ ಪಾಠಗಳನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಸಂಕೇತವೇ ಸಿಕ್ಕದ ಕಾಡಿನ ಹಳ್ಳಿಗೆ ಆ ಪಾಠ ಪುಣೆಯಷ್ಟೇ ದೂರ. ಅಲ್ಲಿಗೆ ಇಂದಿಗೂ ಅಚ್ಚಾದ ಪುಸ್ತಕವೇ ಬೇಕು, ಹತ್ತಿರದ ಗ್ರಂಥಾಲಯವೇ ಬೇಕು. ಸಂಪರ್ಕ ತರಗತಿಗೆ ಹೋಗುವ ಕೆಲಸಗಾರನಿಗೆ ಮಾಲೀಕನು ಎರಡು ದಿನ ರಜೆ ಕೊಡಬೇಕು. ಸಂಜೆಯ ತರಗತಿ ಮುಗಿದ ಮೇಲೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಿಗುವಂತಿರಬೇಕು. ಇವು ದೊಡ್ಡ ಯೋಜನೆಗಳಲ್ಲ. ಆದರೆ ಒಬ್ಬನ ಓದು ಸಾಗುವುದು ಇಲ್ಲವೆ ನಿಲ್ಲುವುದು ಇಂಥ ಸಣ್ಣ ಸಂಗತಿಗಳಿಂದಲೇ.

ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ಹುಡುಗ ಹುಡುಗಿಯರಿಗೆ ಈ ಮಾತುಗಳು ದೂರದವಾಗಿ ತೋರಬಹುದು. ಅವರ ಮುಂದೆ ಇಡೀ ಹಗಲು ಓದಿಗಾಗಿಯೇ ತೆರೆದುಕೊಂಡಿದೆ. ಗುರುಗಳು ಎದುರಿಗಿದ್ದಾರೆ, ಕೇಳಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ದೊರೆಯುತ್ತದೆ. ಇಂಥ ತೆರಪು ಜೀವನದಲ್ಲಿ ಮತ್ತೊಮ್ಮೆ ಇಷ್ಟು ಧಾರಾಳವಾಗಿ ಸಿಕ್ಕುವುದು ಅಪರೂಪ. ಅದನ್ನು ಪೋಲು ಮಾಡಬಾರದು. ಅವರ ಪಕ್ಕದಲ್ಲಿ ನಿನ್ನೆಯವರೆಗೆ ಕುಳಿತಿದ್ದ ಗೆಳೆಯನೊಬ್ಬನು ಮನೆಯ ತೊಂದರೆಯಿಂದ ಶಾಲೆ ಬಿಟ್ಟಿದ್ದರೆ, ಬಾಗಿಲು ಮುಚ್ಚಿಹೋಗಿಲ್ಲವೆಂಬುದನ್ನು ಅವನಿಗೆ ತಿಳಿಸುವುದು ಗೆಳೆತನದ ಧರ್ಮ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಶಾಲೆಯ ಹೊರಗಿನಿಂದಲೂ ಬರೆಯಲು ದಾರಿಯಿದೆ. ಅಲ್ಲಿಂದ ಮುಂದಕ್ಕೂ ದಾರಿಯಿದೆ.

ಮನೆಯಲ್ಲಿ ಅಪ್ಪನೋ ಅವ್ವನೋ ದುಡಿದು ಬಂದು, ಕೈಕಾಲು ತೊಳೆದು, ಪುಸ್ತಕ ಹಿಡಿದು ಕುಳಿತಾಗ ಮಕ್ಕಳು ನಗಬಾರದು. ಟಿ.ವಿ.ಯ ಸದ್ದನ್ನು ಸ್ವಲ್ಪ ತಗ್ಗಿಸಿ, ತಮ್ಮನನ್ನು ಅಂಗಳಕ್ಕೆ ಆಡಿಸಲು ಕರೆದುಕೊಂಡು ಹೋದರೆ ಸಾಕು. ಅವರಿಗೆ ಬೇಕಾದ ಒಂದು ಗಂಟೆ ಸಿಕ್ಕುತ್ತದೆ.